ಗುರಿ ಸಂಖ್ಯೆ 23ನ್ನು ಶೇಕಡಾ ಅರವತ್ತಕ್ಕೇ ನಿಲ್ಲಿಸುವ ಕುರಿತು

ಇಂದ:
ಹುಲಗಮ್ಮ ಗಂಡ ಮುದಿಯಪ್ಪ, ವಯಸ್ಸು ಅಂದಾಜು 50, ವಾರ್ಡ್ ನಂ. 7
(ಬರೆದವರು: ಟಿಪ್ಪುಸಾಬ, ಅರ್ಜಿ ಬರೆಯುವವರು, ತಮ್ಮ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ)

ಗೆ:
ಮುಖ್ಯಾಧಿಕಾರಿಗಳು, ಪುರಸಭೆ
(ಊರಿನ ಹೆಸರು ತಮ್ಮ ಬೋರ್ಡಿನ ಮೇಲೇ ಇರುತ್ತದೆ)

ವಿಷಯ: ಗುರಿ ಸಾಧನೆಯಾಗಿದೆ ಎಂದು ಬರೆದಿರುವುದನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1) "ನಮ್ಮ ಪಟ್ಟಣ 2040" ಅಭಿವೃದ್ಧಿ ಯೋಜನೆ, ಪುಟ 11. 2) ತಮ್ಮ ಕಚೇರಿಯ ಏಳು ನೋಟಿಸುಗಳು. 3) ಒಂದು ಎಮ್ಮೆ (ಈಗ ಇಲ್ಲ).

ಮಾನ್ಯರೇ,

ಸದರಿ ಅರ್ಜಿದಾರಳಿಗೆ ಬರೆಯಲು ಬಾರದ ಕಾರಣ, ಹಾಗೂ ಟಿಪ್ಪುಸಾಬನಿಗೆ ಚುಟುಕಾಗಿ ಬರೆಯಲು ಬಾರದ ಕಾರಣ, ಈ ಅರ್ಜಿ ತುಸು ಉದ್ದವಾಗಿದೆ.

1. ಅರ್ಜಿದಾರಳ ಗಂಡ ಮುದಿಯಪ್ಪ ಮತ್ತು ಅವನ ತಮ್ಮ ಸಣ್ಣಪ್ಪ ಒಂದೇ ಅಂಗಳದ ಎರಡು ಮನೆಗಳಲ್ಲಿ ವಾಸವಿರುತ್ತಾರೆ. ಒಂಬತ್ತು ವರ್ಷಗಳ ಹಿಂದೆ ಎಮ್ಮೆ ಕಟ್ಟುವ ಗೂಟವನ್ನು ಒಂದು ಮೊಳ ಆಚೆ ಬಡಿದದ್ದರಿಂದ ತಕರಾರಾಗಿ, ಆ ಕಡೆಯವರ ಜೊತೆ ಮಾತಾಡಿದವರು ಈ ಕಡೆಯ ಹೊಸ್ತಿಲು ತುಳಿಯಕೂಡದೆಂದು ಇಬ್ಬರೂ ಆಣೆ ಹಾಕಿರುತ್ತಾರೆ. ಎಮ್ಮೆ ಸತ್ತು ನಾಲ್ಕು ವರ್ಷವಾಯಿತು. ಗೂಟ ಅಲ್ಲೇ ಇದೆ. ಜಗಳ ಗಂಡಸರದು, ಬಾಯಿ ಕಟ್ಟಿದ್ದು ಹೆಂಗಸರಿಗೆ: ಅರ್ಜಿದಾರಳಿಗೂ, ಅವಳ ನೆಗೆಣ್ಣಿಯಾದ ಸಣ್ಣಪ್ಪನ ಹೆಂಡತಿ ರೇಣುಕಾಗೂ. ಅಳವಂಡಿಗೆ ಹೋಗಿ ರೇಣುಕಾಳನ್ನು ಮೆಚ್ಚಿ, ಹಟ ಹಿಡಿದು ಮೈದುನನಿಗೆ ತಂದವಳೇ ಅರ್ಜಿದಾರಳು ಎಂಬುದನ್ನು ತಾವು ಗಮನಿಸಬೇಕು.

2. ಹೋದ ವರ್ಷದ ವಾರ್ಡ್ ಸಭೆಯಲ್ಲಿ, 2040ರೊಳಗೆ ಆಗಬೇಕಾದ ಒಂದು ಗುರಿಯನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯತಕ್ಕದ್ದೆಂದು ತಾವು ಆದೇಶಿಸಿದಿರಿ. ಬರೆಯಲು ಬಾರದವರಿಗೆ ಟಿಪ್ಪುಸಾಬ ಬರೆದುಕೊಟ್ಟ. ಗಟಾರ, ಬೀದಿ ದೀಪ, ಗಟಾರ, ಮತ್ತೆ ಗಟಾರ. ಕೈ ಸೋತು ಹೋಗಿತ್ತು. ಆಗ ಅರ್ಜಿದಾರಳು, "ನನಗ ಗಟಾರ ಬ್ಯಾಡ ಕಾಕಾ. ರೇಣುಕಾ ಒಮ್ಮಿ ಅಕ್ಕಾ ಅಂದ್ರ ಸಾಕು" ಎಂದಳು. ಟಿಪ್ಪುಸಾಬ ಅದನ್ನೇ ಬರೆಯಬೇಕೆಂದು ಪೆನ್ನು ಎತ್ತಿದ. ಆದರೆ ಮೂವತ್ತು ವರ್ಷದ ಚಟ ನೋಡ್ರಿ, ಕೈ ಬರೆದದ್ದು ಹೀಗೆ: "ವಾರ್ಡ್ ನಂ. 7ರಲ್ಲಿ ಒಂಬತ್ತು ವರ್ಷಗಳಿಂದ ಸ್ಥಗಿತಗೊಂಡಿರುವ ಮಾತುಕತೆಯನ್ನು ಪುನರಾರಂಭಿಸುವುದು."

3. ಇಷ್ಟು ಛಲೋ ಸರ್ಕಾರಿ ಕನ್ನಡವನ್ನು ಹೊಡೆದುಹಾಕಲು ಯಾವ ಸಾಹೇಬರಿಗೂ ಮನಸ್ಸು ಬರಲಿಲ್ಲ. ಕಾರಣ, ಅದು ಗುರಿ ಸಂಖ್ಯೆ 23 ಎಂದು ಅಚ್ಚಾಯಿತು. ನಿಂತದ್ದನ್ನು ಮತ್ತೆ ಬಿಡುವ ಕೆಲಸವಾದ ಕಾರಣ ನೀರು ಸರಬರಾಜು ಶಾಖೆಗೆ ಹೋಯಿತು. ಗುರಿ ಎಂದ ಮೇಲೆ ಪ್ರಗತಿ ಪರಿಶೀಲನೆ ಆಗಲೇಬೇಕು. ಆದ್ದರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ 11 ಗಂಟೆಗೆ ಇಬ್ಬರು ನೆಗೆಣ್ಣಿಯರೂ ಖುದ್ದು ಹಾಜರಿರಬೇಕೆಂದು ನೋಟಿಸು ಹೊರಟಿತು. ದುಂಡು ಮೊಹರು ಕಂಡು ಅಣ್ಣತಮ್ಮಂದಿರು ತಣ್ಣಗಾದರು. ಹೋಗಿ ಬಾ, ಆದರೆ ಮಾತಾಡಬೇಡ ಎಂದು ಇಬ್ಬರೂ ತಂತಮ್ಮ ಹೆಂಡಂದಿರಿಗೆ ತಾಕೀತು ಮಾಡಿದರು.

4. ಆ ಶಾಖೆಯ ಇಂಜಿನಿಯರ್ ಸಾಹೇಬರು ಯಲಬುರ್ಗಾ ಬಸ್ಸಿಗೆ ಬರುವ ಕಾರಣ, 11 ಗಂಟೆ ಎಂದರೆ ಮೂರು ಎಂದು ತಿಳಿಯತಕ್ಕದ್ದು. ಪಡಸಾಲೆಯಲ್ಲಿ ಇರುವುದು ಒಂದೇ ಬೆಂಚು. ಮೊದಲ ತಿಂಗಳು ಒಬ್ಬಳು ಆ ತುದಿ, ಒಬ್ಬಳು ಈ ತುದಿ. ಎರಡನೇ ತಿಂಗಳು ರೇಣುಕಾ ಬುತ್ತಿ ಬಿಚ್ಚಿ, ಗೋಡೆಗೆ ಮುಖ ಮಾಡಿ, "ಪುಂಡಿ ಪಲ್ಯಾಕ ಉಪ್ಪ ಕಡಿಮಿ ಆಗೇತಿ ನೋಡಕ್ಕಾ" ಎಂದಳು. ಅರ್ಜಿದಾರಳು ತುತ್ತು ಬಾಯಿಗಿಟ್ಟು ಅಳುತ್ತ, ಸರಿ ಐತಿ ಎಂದಳು. ಟಿಪ್ಪುಸಾಬನಿಗೂ ಒಂದು ರೊಟ್ಟಿ ಬಂದಿತ್ತು. ಉಪ್ಪು ಖರೇನೇ ಕಡಿಮೆ ಇತ್ತು.

5. ಅಂದಿನಿಂದ ತಿಂಗಳಿಗೆ ನಾಲ್ಕು ತಾಸು, ಒಂಬತ್ತು ವರ್ಷ ನುಂಗಿಕೊಂಡ ಮಾತೆಲ್ಲ ಆ ಬೆಂಚಿನ ಮೇಲೆ ನಡೆದಿದೆ. ಒಳಗೆ ಸಾಹೇಬರು ಮಾತಾಡಿದಿರೇನು ಎಂದು ಕೇಳಿದರೆ ಇಬ್ಬರೂ ಇಲ್ಲವೆಂದು ತಲೆಯಾಡಿಸುತ್ತಾರೆ. ಸಾಹೇಬರು "ಪ್ರಗತಿಯಲ್ಲಿದೆ, ಶೇ. 60" ಎಂದು ಬರೆಯುತ್ತಾರೆ. ಬಸ್ ನಿಲ್ದಾಣದ ಗಟಾರಕ್ಕೂ ಅದನ್ನೇ ಬರೆಯುವ ಕಾರಣ ಯಾರಿಗೂ ಸಂಶಯ ಬಂದಿಲ್ಲ.

6. ಹೀಗಿರಲಾಗಿ, ಹೋದ ಮಂಗಳವಾರ ಯಾರೂ ಎಣಿಸದ ಅನಾಹುತ ನಡೆಯಿತು. ಸಾಹೇಬರು ಹನ್ನೊಂದೂವರೆಗೇ ಬಂದುಬಿಟ್ಟರು. ಬೆಂಚಿನ ಮೇಲೆ ಇಬ್ಬರೂ ತಂತಮ್ಮ ಗಂಡಂದಿರ ಗೊರಕೆ ಅಣಕಿಸುತ್ತ ಹೊಟ್ಟೆ ಹಿಡಿದು ನಗುತ್ತಿದ್ದರು. ಸಾಹೇಬರು ನಿಂತ ಕಾಲ ಮೇಲೆ ಬರೆದರು: "ಶೇ. 100. ಕಡತ ಮುಕ್ತಾಯ." ನಲವತ್ತೊಂದು ಗುರಿಗಳಲ್ಲಿ ಮುಗಿದದ್ದು ಇದೊಂದೇ ಆದ ಕಾರಣ, ಇಬ್ಬರಿಗೂ ಗಂಡಂದಿರ ಎದುರೇ ವೇದಿಕೆ ಮೇಲೆ ಶಾಲು ಹೊದಿಸುವುದೆಂದು ತಾವು ಠರಾವು ಮಾಡಿದ್ದೀರಿ.

7. ಕಡತ ಮುಚ್ಚಿದರೆ ನೋಟಿಸಿಲ್ಲ. ನೋಟಿಸಿಲ್ಲದಿದ್ದರೆ ಬೆಂಚಿಲ್ಲ. ಮತ್ತೆ ಅದೇ ಅಂಗಳ, ಅದೇ ಗೂಟ. "ಇನ್ನೊಮ್ಮಿ ಬಾಯಿ ಹೊಲಕೊಂಡು ಇರಾಕ ನನ್ನ ಕೈಲಿ ಆಗಂಗಿಲ್ಲ ಕಾಕಾ" ಎಂದು ಅರ್ಜಿದಾರಳು ಹೇಳಿದಾಗ ಅವಳು ನಗುತ್ತಿರಲಿಲ್ಲ.

ಆದ್ದರಿಂದ ಸದರಿ ಶಾಲು ರದ್ದುಪಡಿಸಿ, ಗುರಿಯನ್ನು ಶೇ. 60ಕ್ಕೆ ಇಳಿಸಿ, 2040ರವರೆಗೆ ಪ್ರಗತಿಯಲ್ಲೇ ಇಟ್ಟು, ಆಮೇಲೆ ಅವಧಿ ವಿಸ್ತರಿಸಬೇಕಾಗಿ ವಿನಂತಿ.

ತಮ್ಮ ಬೆಂಚಿನ ಮೇಲೆ ವಿಶ್ವಾಸವಿಟ್ಟ,
ಹುಲಗಮ್ಮ (ಎಡಗೈ ಹೆಬ್ಬೆರಳು)

ಸಾಕ್ಷಿ: ರೇಣುಕಾ ಗಂಡ ಸಣ್ಣಪ್ಪ (ಅರ್ಜಿದಾರಳ ಜೊತೆ ಮಾತಿಲ್ಲ)

ಲಗತ್ತುಗಳು:
1) ನೋಟಿಸುಗಳು, ಏಳು. ಮಡಿಕೆಯಲ್ಲಿ ಹರಿದಿವೆ.
2) ಸಜ್ಜಿ ರೊಟ್ಟಿ, ಎರಡು. ಪುಂಡಿ ಪಲ್ಯ, ಈ ಸಲ ಉಪ್ಪು ಸರಿ ಇದೆ. ಇಂಜಿನಿಯರ್ ಸಾಹೇಬರಿಗೆ.

ವಿ.ಸೂ.: ಬರುವ ತಿಂಗಳಿಂದ ಸಾಹೇಬರು ದಯವಿಟ್ಟು ಮೊದಲಿನಂತೆ ತಡವಾಗಿ ಬರತಕ್ಕದ್ದು.