ಮೈಕ್ ಅಕ್ಕ ಮತ್ತು ಅಮೆರಿಕದ ದಾಯಾದಿಗಳು

ನಮ್ಮ ಸ್ಟುಡಿಯೋದಲ್ಲಿ ಯಾರೂ ನಗದೆ, ಯಾರೂ ಬೈಯದೆ ಒಂದು ರೆಕಾರ್ಡಿಂಗ್ ಮುಗಿದಿದೆ ಅಂದರೆ ಅವತ್ತು ನಾನು ರಜೆ ಹಾಕಿರಬೇಕು. ಕುಂಬಾರಕೊಪ್ಪಲಿನಲ್ಲಿ, ಅದೂ ಹಿಟ್ಟಿನ ಗಿರಣಿಯ ಮಹಡಿ ಮೇಲೆ ಸ್ಟುಡಿಯೋ ಇಟ್ಟರೆ ಇನ್ನೇನಾಗುತ್ತೆ ಹೇಳಿ? ಕೆಳಗೆ ರಾಗಿ ಬೀಸುವಾಗ ಮೇಲೆ ಮೈಕ್ ಆಫ್. ಗಿರಣಿಯವರು ಟೀಗೆ ಹೋದರೆ ನಮ್ಮ ಕೆಲಸ ಶುರು. ಶಬ್ದ ಹಿಡಿಯೋನು ನಾನು, ಶಬ್ದ ಕಂಡರೆ ಉರಿದು ಬೀಳೋನೂ ನಾನೇ.

ಆಟೋಗೆ ಮೈಕ್ ಕಟ್ಟಿ ಬೀದಿ ಬೀದಿ ಸಾರುತ್ತಾರಲ್ಲ, ಆ ದನಿಗಳೆಲ್ಲ ತಯಾರಾಗೋದು ನಮ್ಮಲ್ಲೇ. ಆಷಾಢದ ಸೀರೆ ರಿಯಾಯಿತಿ, ಕಣ್ಣು ತಪಾಸಣೆ ಶಿಬಿರ, ಎಲ್ಲಕ್ಕೂ ಒಬ್ಬರದೇ ದನಿ. ಅವರು ನಜರ್‌ಬಾದಿನ ನಮ್ಮ ಮೈಕ್ ಅಕ್ಕ. ಐವತ್ತು ದಾಟಿದ ಹೆಂಗಸು. ಆ ಗಂಟಲಿದೆ ನೋಡಿ, ಆಹಾ! "ನಾಳೆ ನೀರು ಬರುವುದಿಲ್ಲ" ಅಂತ ಅಕ್ಕ ಹೇಳಿದರೆ ಬೈಯೋಕೂ ಮನಸ್ಸು ಬರಲ್ಲ ಕಣ್ರೀ.

ಈಚೆಗೆ ಕಂಪ್ಯೂಟರ್ ದನಿ ಬಂದು ಅಕ್ಕನ ಕೆಲಸ ಒಂದೊಂದಾಗಿ ಕಿತ್ಕೊಳ್ತಾ ಇತ್ತು. ಅಷ್ಟರಲ್ಲಿ ಅಮೆರಿಕದ ಫುಟ್‌ಬಾಲ್ ಪಂದ್ಯಗಳನ್ನ ಮೊಬೈಲಿನಲ್ಲಿ ತೋರಿಸೋ ಕಂಪನಿಯೊಂದು ನಮ್ಮ ಬಾಗಿಲು ಬಡೀತು. ಪಂದ್ಯಕ್ಕೆ ಮುಂಚೆ ಕನ್ನಡದಲ್ಲೊಂದು ಪುಟ್ಟ ಮುನ್ನೋಟ ಬೇಕಂತೆ. ಯಾವ ತಂಡ ಹೇಗಿದೆ, ಯಾರು ಗೆಲ್ಲಬಹುದು, ಇಷ್ಟೇ. ಮೂರು ವಾರ ಪರೀಕ್ಷೆ. ಒಪ್ಪಿಗೆಯಾದರೆ ಇಡೀ ಸೀಸನ್ ಅಕ್ಕನದು, ಇಲ್ಲದಿದ್ದರೆ ಅದೂ ಕಂಪ್ಯೂಟರಿಗೆ.

"ಇದೂ ಹೋದ್ರೆ ಮನೇಲಿ ಕುಕ್ಕರ್ ಸೀಟಿ ಎಣಿಸ್ಕೊಂಡು ಕೂರ್ಬೇಕು ಕಣೋ" ಅಂದರು ಅಕ್ಕ. ನಗ್ತಾನೇ ಅಂದರು.

ಚೆಂಡು ಕದ್ದವನು

ಮೊದಲ ದಿನ ಅಕ್ಕನಿಗೆ ಹಳೇ ಪಂದ್ಯದ ವಿಡಿಯೋ ತೋರಿಸಿದೆ. ಒಬ್ಬ ಚೆಂಡನ್ನ ಸುಲಿದ ತೆಂಗಿನಕಾಯಿ ಥರ ಕಂಕುಳಲ್ಲಿ ಅವುಚಿಕೊಂಡು ಓಡ್ತಿದ್ದ. ಹಿಂದೆ ಒಂದು ಹಿಂಡು.

"ಫುಟ್‌ಬಾಲ್ ಅಂದೆ, ಕಾಲೇ ತಾಗಿಸ್ತಿಲ್ವಲ್ಲೋ?"

"ಅವರ ಫುಟ್‌ಬಾಲು ಹಂಗೇ ಅಕ್ಕ. ಕೈಯಲ್ಲಿ ಹಿಡ್ಕೊಂಡು ಓಡೋದು."

"ಅಯ್ಯೋ ಪಾಪ, ಅಂಥಾದ್ದೇನು ಕದ್ದ ಅಂತ ಹಿಂಗೆ ಅಟ್ಟಿಸ್ಕೊಂಡು ಹೋಗ್ತಿದಾರೆ?"

ನಿಯಮ ಬಿಡಿಸಿ ಹೇಳಿದೆ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೇ ಅವರ ಕೊನೇ ಗೆರೆ ದಾಟೋವರೆಗೆ. ನನಗೇ ಇದು ತಲೆಗೆ ಹತ್ತೋಕೆ ಒಂದು ವಾರ ಹಿಡಿದಿತ್ತು. ಅಕ್ಕ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕುಡಿದರು, ಆಮೇಲೆ ಮೈಕ್ ಎಳೆದುಕೊಂಡರು.

"ಕೇಳುಗರೇ, ಇದು ಪಕ್ಕದವನ ಜಮೀನನ್ನ ಹತ್ತತ್ತು ಗಜ ಒತ್ತುವರಿ ಮಾಡೋ ಆಟ. ವ್ಯತ್ಯಾಸ ಇಷ್ಟೇ, ಇಲ್ಲಿ ಸರ್ವೇಯರ್ ಕರೆದ ತಕ್ಷಣ ಬಂದು ಅಳೀತಾನೆ."

ಎಕ್ಕದ ಎಲೆ

ಎರಡನೇ ವಾರ ಕಂಪನಿಯವರು ಗಾಯಾಳುಗಳ ವಿವರವನ್ನೂ ಸೇರಿಸಿ ಅಂದರು. ಯಾರು ಆಡ್ತಾರೆ, ಯಾರದು ಅನುಮಾನ ಅಂತ ಹೇಳದಿದ್ದರೆ ಅದು ಮುನ್ನೋಟವೇ ಅಲ್ಲವಂತೆ. ಅಕ್ಕ ಶುರು ಮಾಡಿದರು. "ಬಲ ಮಂಡಿ ನೋವಿನಿಂದಾಗಿ ಇವರು ಈ ವಾರ ಆಡುವುದು ಅನುಮಾನ..." ಅಲ್ಲಿಗೆ ನಿಲ್ಲಿಸಬೇಕು ತಾನೇ? ದನಿ ಕರಗಿಹೋಯ್ತು. "ಯಾರ ಮಗನೋ ಏನೋ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಲಿ."

ಕತ್ತರಿಸೋಣ ಅಂದ್ಕೊಂಡೆ. ಆದರೆ ಕೇಳ್ತಾ ಕೇಳ್ತಾ ನನ್ನ ಕಣ್ಣೇ ಒದ್ದೆಯಾಗಿತ್ತು, ಕೈ ಬರಲಿಲ್ಲ. ಇದ್ದ ಹಾಗೇ ಕಳಿಸಿಬುಟ್ಟೆ.

ಕಂಪನಿ ಮ್ಯಾನೇಜರ್ ಫೋನಿನಲ್ಲಿ ಹಾರಾಡಿದರು. "ಇದು ಫುಟ್‌ಬಾಲೋ ನಾಟಿ ವೈದ್ಯವೋ? ಮುಂದಿನ ವಾರ ಕಂಪ್ಯೂಟರ್ ದನಿ ತಗೊಂಡು ನಾನೇ ಬರ್ತೀನಿ. ಎರಡನ್ನೂ ಕೇಳಿ ಒಂದನ್ನ ಇಟ್ಕೊಳ್ಳೋದು, ಅಷ್ಟೇ."

ಯಾರಾದರೂ ಅಕ್ಕನ ಪರ ಮಾತಾಡಿರಬಹುದು ಅಂತ ಆಸೆಯಿಂದ ಕೇಳುಗರ ಪ್ರತಿಕ್ರಿಯೆ ತೆಗೆದು ನೋಡಿದೆ. ಒಬ್ಬರು ಮೆಚ್ಚಿಕೊಂಡು ಬರೆದಿದ್ದರು: "ತಂಡ ಗೆಲ್ಲುತ್ತೋ ಇಲ್ಲವೋ ಗೊತ್ತಿಲ್ಲ ಮೇಡಂ, ನಮ್ಮತ್ತೆ ಮಹಡಿ ಹತ್ತುತ್ತಿದ್ದಾರೆ."

ಭಾಗ

ಮೂರನೇ ವಾರದ್ದು ದೊಡ್ಡ ಪಂದ್ಯ. ತಂಡಗಳ ಹೆಸರು ಹೇಳೋಕೆ ನನ್ನ ನಾಲಿಗೆ ಹೊರಳಲ್ಲ. ಹಸಿರು ಅಂಗಿಯವರು, ನೀಲಿ ಅಂಗಿಯವರು ಅಂತ ಇಟ್ಕೊಳ್ಳಿ. 'ಡಿವಿಷನ್ ರೈವಲ್ಸ್' ಅಂತೆ. ನಾನು ನಿಘಂಟು ನೋಡಿ 'ವಿಭಾಗೀಯ ಪ್ರತಿಸ್ಪರ್ಧಿಗಳು' ಅಂತ ಬರೆದಿಟ್ಟಿದ್ದೆ.

"ಡಿವಿಷನ್ ಅಂದ್ರೆ ಏನೋ?" ಅಂದರು ಅಕ್ಕ.

"ಇಬ್ಬರೂ ಒಂದೇ ಭಾಗದೋರು ಅಕ್ಕ" ಅಂದೆ. ಅಷ್ಟು ಹೊತ್ತಿಗೆ ಕೆಳಗೆ ಗಿರಣಿ ಗುಂಯ್ ಅಂತು. ಅಕ್ಕನಿಗೆ ಕೇಳಿಸಿದ್ದು 'ಭಾಗ' ಒಂದೇ.

"ಅಯ್ಯೋ! ಯಾವಾಗ ಭಾಗ ಆದ್ರಂತೆ?"

"ಭಾಗ ಆಗಿಲ್ಲ ಅಕ್ಕ!" ಅಂತ ಕಿರುಚಿದೆ. "ಒಂದೇ ಗುಂಪಲ್ಲಿರೋರು. ವರ್ಷಕ್ಕೆ ಎರಡು ಸಲ ಎದುರುಬದುರು ಆಗ್ಲೇಬೇಕು. ಈಗೊಂದ್ಸಲ ಇವರೂರಲ್ಲಿ, ಡಿಸೆಂಬರಲ್ಲಿ ಒಂದ್ಸಲ ಅವರೂರಲ್ಲಿ. ಜಗಳ ಅಜ್ಜಂದಿರ ಕಾಲದ್ದು."

"ನಾನೂ ಅದನ್ನೇ ಕಣೋ ಹೇಳ್ತಿರೋದು. ದಾಯಾದಿಗಳು! ಒಂದ್ಸಲ ಇವರ ಮನೆ ಗೃಹಪ್ರವೇಶ, ಒಂದ್ಸಲ ಅವರ ಮನೆ ತಿಥಿ. ಮುಖ ನೋಡೋಕೂ ಇಷ್ಟ ಇಲ್ಲ, ಹೋಗ್ದೆ ಇರೋ ಹಂಗೂ ಇಲ್ಲ."

ಇಷ್ಟು ಚೆನ್ನಾಗಿ ಅಮೆರಿಕದವರೇ ಹೇಳಿರಲಾರರು. ಆದರೂ ನಾನು ಬರೆದದ್ದನ್ನ ಮುಂದೆ ಹಿಡಿದೆ. ಅಕ್ಕ ಕನ್ನಡಕ ಏರಿಸಿ ಓದಿದರು.

"ವಿಭಾಗೀಯ ಪ್ರತಿಸ್ಪರ್ಧಿ... ಇದು ಯಾವ ಇಲಾಖೆ ಪರೀಕ್ಷೆನೋ?"

ವಾಯಿದೆ

ಮ್ಯಾನೇಜರ್ ಬಂದರು. ಗಂಟಿಕ್ಕಿದ ಮುಖ, ಬಿಗಿದ ಟೈ. ಮೊದಲು ಕಂಪ್ಯೂಟರ್ ದನಿ ಹಾಕಿದರು. ತಂಡದ ಕ್ವಾರ್ಟರ್‌ಬ್ಯಾಕನ್ನ, ಅಂದರೆ ಚೆಂಡು ಹಂಚೋ ಮುಂದಾಳನ್ನ, ಅದು ಕನ್ನಡಕ್ಕೆ ತಂದು, "ಹಸಿರು ತಂಡದ ಕಾಲು ಬೆನ್ನು ಉತ್ತಮ ಸ್ಥಿತಿಯಲ್ಲಿದೆ. ಹಸಿರು ತಂಡವು ಗೆಲ್ಲುತ್ತದೆ" ಅಂತು. ಕಾಲು ಯಾವುದು, ಬೆನ್ನು ಯಾವುದು ಅಂತ ನಾನು ಇನ್ನೂ ಹುಡುಕ್ತಾ ಇದ್ದೆ, ಅಕ್ಕ ಮೈಕ್ ಮುಂದೆ ಕೂತರು.

"ಕೇಳುಗರೇ, ನಾಳಿದ್ದು ದಾಯಾದಿಗಳ ಪಂದ್ಯ. ಹಸಿರು ಮನೆಯ ಯಜಮಾನ ಭಾರೀ ಗಟ್ಟಿಗ. ಚೆಂಡು ಯಾರ ಕೈಗೆ ಕೊಟ್ಟ ಅಂತ ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ನೀಲಿ ಮನೆಯವರೇನು ಕಮ್ಮಿಯೇ? ಬಾಗಿಲಿಗೆ ಅಡ್ಡ ನಿಂತರೆ ಗಾಳಿಯೂ ಅಪ್ಪಣೆ ಕೇಳಿ ಬರಬೇಕು!"

ಮ್ಯಾನೇಜರ್ ಟೈ ಸಡಿಲ ಮಾಡಿಕೊಂಡು ಮುಂದಕ್ಕೆ ಬಾಗಿದರು. ಇನ್ನು ಉಳಿದಿದ್ದು ಒಂದೇ, ಯಾರು ಗೆಲ್ತಾರೆ ಅನ್ನೋದು. ಅಕ್ಕ ಕನ್ನಡಕ ತೆಗೆದಿಟ್ಟರು.

"ದಾಯಾದಿ ವ್ಯಾಜ್ಯ ಒಂದೇ ದಿನಕ್ಕೆ ಯಾವತ್ತು ತೀರ್ಮಾನ ಆಗಿದೆ ಸ್ವಾಮಿ? ಈ ಸಲ ಯಾರೂ ಗೆಲ್ಲಲ್ಲ, ಯಾರೂ ಸೋಲಲ್ಲ. ಮುಂದಿನ ವಾಯಿದೆ ಡಿಸೆಂಬರಿಗೆ."

ಮ್ಯಾನೇಜರ್ ಎದ್ದು ನಿಂತರು. "ಯಾರು ಗೆಲ್ತಾರೆ ಹೇಳಿ ಅಂದ್ರೆ ವಾಯಿದೆ ಹಾಕ್ತೀರಲ್ಲಮ್ಮ! ಈ ಆಟ ಸಮ ಆಗೋದು ಎಲ್ಲೋ ಅಪರೂಪಕ್ಕೆ. ಸೋಮವಾರ ಫೋನ್ ಮಾಡ್ತೀನಿ." ಹೇಳಿದ ರೀತಿಯಲ್ಲೇ ಉತ್ತರ ಗೊತ್ತಾಗಿತ್ತು. ಅಕ್ಕ ಫ್ಲಾಸ್ಕ್ ಮುಚ್ಚಿ, ಮೈಕನ್ನ ಒಂದು ಸಲ ಸವರಿ, ಮೆಟ್ಟಿಲಿಳಿದರು. ನನಗೆ ಆ ಕಂಪ್ಯೂಟರನ್ನ ಗಿರಣಿಗೆ ಹಾಕಿ ಬೀಸಿಬಿಡೋಷ್ಟು ಸಿಟ್ಟು ಬಂತು.

ಸೋಮವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಪಂದ್ಯ ಮುಗೀತು. ನಂಬಿದರೆ ನಂಬಿ, ಹೆಚ್ಚುವರಿ ಸಮಯ ಕೊಟ್ಟರೂ ಸಮ ಸಮ! ಸ್ಕೂಟರ್ ಹತ್ತಿ ನಜರ್‌ಬಾದಿಗೆ ಹಾರಿದೆ. ಅಕ್ಕ ನಿಜವಾಗಲೂ ಕುಕ್ಕರ್ ಮುಂದೆ ನಿಂತಿದ್ದರು. ನಾನು ಬಾಯಿ ತೆರೆಯೋ ಮುಂಚೆ ಅವರ ಫೋನ್ ಬಡ್ಕೊಂತು. ಮ್ಯಾನೇಜರ್ರೇ! ಸ್ಪೀಕರ್ ಒತ್ತಿದೆ.

"ಅಮ್ಮಾ, ಇಡೀ ಸೀಸನ್ ನಿಮ್ಮದೇ. ಕಂಪ್ಯೂಟರ್ ವಾಪಸ್ ಕಳಿಸಿದೆ."

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಯಲ್ಲೇ ಕುಣಿದೆ. ಆದರೆ ಆ ಕಡೆ ಫೋನ್ ಇಡಲಿಲ್ಲ. ಸ್ವಲ್ಪ ಕೆಮ್ಮು ಕೇಳಿಸಿತು, ಆಮೇಲೆ ದನಿ ತಗ್ಗಿತು.

"ಇನ್ನೊಂದು ವಿಷಯ ಅಮ್ಮಾ. ನಮ್ಮಣ್ಣನ ಮೇಲೆ ನಾನೂ ಒಂದು ಪಾಲಿನ ಕೇಸು ಹಾಕಿದ್ದೀನಿ. ನಮ್ಮ ವಾಯಿದೆನೂ ಡಿಸೆಂಬರಲ್ಲೇ. ಅದಕ್ಕೂ ಒಂದು ಮುನ್ನೋಟ ಹೇಳಿಬುಡ್ತೀರಾ?"