ಉಳಿದರ್ಧ ಗಡ್ಡ

ಹುಲುಗೇಶ ಬಾಯಿ ಮುಚ್ಚಿಕೊಂಡಿದ್ದರೆ ಆ ಭಾನುವಾರ ಸುಖವಾಗಿ ಕಳೆಯುತ್ತಿತ್ತು. ಆದರೆ ಬೆಳಿಗ್ಗೆಯಷ್ಟೇ ಪೇಪರ್ ಓದಿದ್ದ ಗುಮಾಸ್ತನ ಬಾಯಿ ಅದು, ಸುಮ್ಮನಿದ್ದೀತೆ?

ಆಫೀಸಿನಲ್ಲಿ ನಾಲ್ಕು ಜನ ಗೌರವ ಕೊಡಲೆಂದು ಬಿಟ್ಟ ಗಡ್ಡ ಅವನ ಸಂಸಾರಕ್ಕೇ ಮುಳುವಾಗಿತ್ತು. ಹೆಂಡತಿ ಶಾಂತಕುಮಾರಿ ಮುನಿಸಿಕೊಂಡು ತವರೂರು ತೆಲಿಗಿ ಸೇರಿದ್ದಳು. ಇವತ್ತು ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಬರುತ್ತೇನೆ, ಗಡ್ಡ ಕಂಡರೆ ಅದೇ ಬಸ್ಸಿಗೆ ವಾಪಸ್ಸು ಎಂದು ಫೋನು ಮಾಡಿದ್ದಳು. ಅವಳಿಲ್ಲದ ಮನೆಯಲ್ಲಿ ಅವನಿಗೂ, ಪಾಪ, ಸಾಕಾಗಿಹೋಗಿತ್ತು.

ಅಂಜಿನೇಯಲುವಿನ ಸಲೂನಿನಲ್ಲಿ ಎಡಗೆನ್ನೆ ನುಣ್ಣಗಾಗುವಷ್ಟರಲ್ಲಿ ಗೋಡೆಯ ಹೊಸ ಬೋರ್ಡು ಕಣ್ಣಿಗೆ ಬಿತ್ತು. ದಾಡಿಗೆ ಹದಿನೈದು ರೂಪಾಯಿ. ಊರಿನ ಸಲೂನಿನವರೆಲ್ಲ ಕೂಡಿ ಮಾಡಿದ ರೇಟಂತೆ.

“ಎಲ್ಲಾರೂ ಕೂಡಿ ಒಂದ ರೇಟು ಕಟ್ಟೋದು ತಪ್ಪೈತಿ. ದಿಲ್ಲ್ಯಾಗ ಸ್ಪರ್ಧಾ ಆಯೋಗ ಅಂತ ಬಂದೈತಿ. ಅರ್ಜಿ ಹಾಕಿದ್ರ ನಿಮಗೆಲ್ಲ ದಂಡ” ಎಂದ ಹುಲುಗೇಶ.

ಅಂಜಿನೇಯಲು ಕತ್ತಿ ತೊಳೆದಿಟ್ಟ. “ಹಂಗಾದ್ರ ಉಳಿದದ್ದು ಆಯೋಗದವ್ರೇ ಮಾಡ್ಲಿ. ಏಳ್ರಿ.”

ಹುಲುಗೇಶ ಮುಖಕ್ಕೆ ಟವೆಲ್ ಸುತ್ತಿಕೊಂಡು ಮಾಬುಸಾಬನ ಸಲೂನಿಗೆ ಓಡಿದ. ಒಬ್ಬ ಕತ್ತಿ ಇಟ್ಟ ಮುಖವನ್ನು ಇನ್ನೊಬ್ಬ ಮುಟ್ಟುವುದು ತಮ್ಮಲ್ಲಿ ಇಲ್ಲವೆಂದು ಮಾಬುಸಾಬ್ ಮೆಲ್ಲಗೆ ಹೇಳಿದ. ಸಿಟ್ಟಿನಲ್ಲಿ ಹುಲುಗೇಶ ಅಲ್ಲಿಯೂ ಆಯೋಗದ ಹೆಸರು ತೆಗೆದ. ಉಳಿದ ಸಲೂನುಗಳಲ್ಲಿಯೂ ಇದೇ ಮಾತು, ಇದೇ ಬೆದರಿಕೆ.

ಮನೆಗೆ ಬಂದರೆ ಪಕ್ಕದ ಮನೆಯ ಹಂಪಕ್ಕ ಮುಖದ ಟವೆಲ್ ಕಂಡು ಹಲ್ಲುನೋವೆಂದು ತಿಳಿದು, ಬೇಡವೆಂದರೂ ಬಾಯಿಗೆ ಲವಂಗ ತುರುಕಿದಳು. ತಾನೇ ಬ್ಲೇಡು ಹಿಡಿದ. ಜನ್ಮದಲ್ಲಿ ತಾನೇ ದಾಡಿ ಮಾಡಿಕೊಂಡವನಲ್ಲ, ಮೊದಲ ಎಳೆತಕ್ಕೇ ರಕ್ತ ಬಂತು. ಮಧ್ಯಾಹ್ನವಾಗುತ್ತ ಬಂದಿತ್ತು. ಮಾನ ಬಿಟ್ಟು ಮತ್ತೆ ಅಂಜಿನೇಯಲುವಿನ ಬಾಗಿಲಿಗೇ ಹೋದ.

ಗೋಡೆಯ ಮೇಲೆ ಬೋರ್ಡಿರಲಿಲ್ಲ. ದಿಲ್ಲಿಯ ಹೆಸರು ಕೇಳಿ ಎಲ್ಲರೂ ಹೆದರಿದರಂತೆ, ಕೂಡಿ ಮಾಡಿದ ರೇಟು ಮುರಿದರಂತೆ. ಇನ್ನು ಯಾರ ರೇಟು ಅವರದು. ಹುಲುಗೇಶನ ಎದೆ ಉಬ್ಬಿತು.

“ಈಗ ನಿನ್ನ ರೇಟೆಷ್ಟು?”

“ಪೂರ್ತಿ ದಾಡಿಗೆ ಹತ್ತು. ಅರ್ಧಕ್ಕ ಐವತ್ತು.”

“ಅರ್ಧಕ್ಕ ಯಾಕ ಹೆಚ್ಚು?”

“ಪೂರ್ತಿ ದಾಡಿ ಮಾಡಾಕ ಮಾಬುಸಾಬಣ್ಣ ಅದಾನ, ಇನ್ನೂ ಮಂದಿ ಅದಾರ. ಅವ್ರ ಜೋಡಿ ಸ್ಪರ್ಧಾ ಮಾಡ್ಬೇಕಲ್ರಿ, ಕಮ್ಮಿ ಮಾಡೀನಿ. ನಿಮ್ಮ ಈ ಅರ್ಧಕ್ಕ ಊರಾಗ ನಾನೊಬ್ಬನ.”

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಹುಲುಗೇಶ ಐವತ್ತರ ನೋಟು ತೆಗೆದಿಟ್ಟು ಕುರ್ಚಿಯಲ್ಲಿ ಕುಳಿತು ಬಲಗೆನ್ನೆ ಒಡ್ಡಿದ.