ನಿಮಿಷಕ್ಕೆ ಇಪ್ಪತ್ತೇಳು ಸುತ್ತು

"ನಿಮ್ಮಪ್ಪ ಒಂದೇ ಒಂದ್ಸಲ ಕೂತು ಕೇಳ್ಲಿ. ಎದ್ದು ಬಂದು ನನ್ನ ಕೈ ಹಿಡ್ಕೊಳ್ಳದಿದ್ರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ!" ಎಂದು ಇನ್‌ಸ್ಪೆಕ್ಟರು ಘೋಷಿಸಿದರು.

"ಹೆಸರು ಹಾಗೇ ಇರ್ಲಿ ರೀ. ಮೊದ್ಲು ಆ ಅಲ್ಮೇರಾ ಖಾಲಿ ಮಾಡಿ," ಎಂದಳು ಹೆಂಡತಿ.

ಇನ್‌ಸ್ಪೆಕ್ಟರೆಂದರೆ ಪೊಲೀಸಲ್ಲ, ತೂಕ ಮತ್ತು ಅಳತೆ ಇಲಾಖೆಯವರು. ಅವರು ಪೇಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಐದು ಗ್ರಾಂ ಮೋಸವನ್ನು ಹತ್ತು ಮಾರು ದೂರದಿಂದಲೇ ಹಿಡಿಯುವ ಈ ಮಹಾನುಭಾವರಿಗೆ ಇದ್ದದ್ದು ಒಂದೇ ಹುಚ್ಚು: ಎಪ್ಪತ್ತರ ದಶಕದ ಪ್ರಯೋಗಶೀಲ ರಾಕ್ ಸಂಗೀತ. ನಡುಮನೆಯ ಅರ್ಧ ಗೋಡೆ ನುಂಗಿದ್ದ ಅಲ್ಮೇರಾದೊಳಗೆ ಮುನ್ನೂರು ರೆಕಾರ್ಡುಗಳು. ಪಕ್ಕದ ಸ್ಟೂಲಿನ ಮೇಲೆ, ಹನ್ನೊಂದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ರೆಕಾರ್ಡ್ ಪ್ಲೇಯರ್. ಈಗ ಮಾವನವರು ಇಲ್ಲೇ ಇರಲು ಬಂದಿದ್ದರು. ಅವರ ಮಂಚಕ್ಕೆ ಜಾಗ ಬೇಕಿತ್ತು. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು: ಅಪ್ಪ ಒಂದು ಹಾಡನ್ನು ಪೂರ್ತಿ ಕೇಳಿ ಮೆಚ್ಚಿದರೆ ಅಲ್ಮೇರಾ ಉಳಿಯುತ್ತದೆ, ಇಲ್ಲದಿದ್ದರೆ ರೆಕಾರ್ಡುಗಳ ಸಮೇತ ಭಾನುವಾರವೇ ಗುಜರಿಯವನ ಗಾಡಿ ಹತ್ತುತ್ತದೆ.

ಭಾನುವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಬ್ರಹ್ಮಾಸ್ತ್ರವನ್ನೇ ಹೊರತೆಗೆದರು. ಯಾವುದೋ ಚಳಿದೇಶದ ನಾಲ್ವರು ಉದ್ದಗೂದಲಿನವರ ರೆಕಾರ್ಡು. ಒಂದು ಮಗ್ಗುಲಿಗೆ ಒಂದೇ ಹಾಡು. ಇದರ ಮೇಲೆ ಅವರು 'ನಿಧಾನವೇ ದರ್ಶನ' ಎಂಬ ಹದಿನಾಲ್ಕು ಪುಟಗಳ ಲೇಖನ ಬರೆದು ಇಲಾಖೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಕೊನೆಯವರೆಗೆ ಓದಿದ ಏಕೈಕ ಓದುಗರೂ ಅವರೇ.

"ಗಮನಿಸಿ ಮಾವನವರೇ! ಈ ಡ್ರಮ್ಮು ಬೇಕಂತಲೇ ಕಾಲೆಳ್ಕೊಂಡು ಹೋಗತ್ತೆ, ಆನೆ ಧ್ಯಾನ ಮಾಡ್ಕೊಂಡು ನಡೆದ ಹಾಗೆ. ಆಮೇಲೆ ಒಬ್ಬ ಗಂಡಸಿನ ಧ್ವನಿ, ಪಾತಾಳದಿಂದ ಎದ್ದು ಬಂದ ಹಾಗೆ! ಇನ್ನೊಂದು ಪವಾಡ ಕೇಳಿ. ಕವರಿನ ಮೇಲೆ ಹದಿನೆಂಟು ನಿಮಿಷ ಅಂತ ಬರ್ದಿದೆ, ಹಾಡು ನಡೆಯೋದು ಇಪ್ಪತ್ತೆರಡು ನಿಮಿಷ!"

"ಉಳಿದ ನಾಲ್ಕು ನಿಮಿಷ ಎಲ್ಲಿಂದ ಬಂತು?" ಎಂದರು ಮಾವ.

"ಅದು ಕೇಳುಗನ ಅಂತರಂಗದ ಕಾಲ!"

ಹೆಂಡತಿ ಎಂದಿನಂತೆ ಹತ್ತಿಯ ಡಬ್ಬಿ ತೆಗೆದು, ಮಗಳಿಗೆ ಎರಡು ಉಂಡೆ ಕೊಟ್ಟು, ತಾನೂ ಎರಡು ಕಿವಿಗೆ ತುರುಕಿಕೊಂಡಳು.

ಮಾವನವರು ಬಟ್ಟೆ ಗಿರಣಿಯಲ್ಲಿ ನಲವತ್ತು ವರ್ಷ ಫಿಟ್ಟರಾಗಿದ್ದವರು. ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದರು. ಐದನೇ ನಿಮಿಷಕ್ಕೆ ಎದ್ದು ಪ್ಲೇಯರ್ ಹತ್ತಿರವೇ ಹೋಗಿ ನಿಂತರು. ಈ ಮನೆಯಲ್ಲಿ ಈ ಸಂಗೀತದ ಕಡೆಗೆ ತಾನಾಗಿ ನಡೆದು ಹೋದ ಮೊದಲ ಜೀವ! ಇನ್‌ಸ್ಪೆಕ್ಟರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಮಾವ ರೆಕಾರ್ಡಿನ ನಡುವೆ ಒಂದು ಚೂರು ಕಾಗದ ಅಂಟಿಸಿ, ಕೈಗಡಿಯಾರ ನೋಡುತ್ತಾ ತುಟಿ ಅಲ್ಲಾಡಿಸತೊಡಗಿದರು.

"ನೋಡೇ, ತಾಳ ಹಾಕ್ತಿದ್ದಾರೆ!" ಎಂದು ಇನ್‌ಸ್ಪೆಕ್ಟರು ಪಿಸುಗುಟ್ಟಿದರು. ಹತ್ತಿಯ ದಯೆಯಿಂದ ಹೆಂಡತಿಗೆ ಕೇಳಿಸಲಿಲ್ಲ.

"ಅಳಿಯಂದ್ರೇ, ಇದು ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ಬೇಕು?"

"ಮೂವತ್ಮೂರು, ಚಿಲ್ಲರೆ."

"ಇಪ್ಪತ್ತೇಳು ತಿರುಗ್ತಿದೆ. ತಟ್ಟೆ ತಿರುಗಿಸೋ ಬೆಲ್ಟು ಸಡಿಲ ಆಗಿದೆ."

ಇನ್‌ಸ್ಪೆಕ್ಟರು ಬಗ್ಗಿ ಪ್ಲೇಯರಿನೊಳಗೆ ಇಣುಕಿದರು. ಆನೆ ಮಾತ್ರ ನಡೆಯುತ್ತಲೇ ಇತ್ತು.

"ಪೇಟೇಲಿ ತಕ್ಕಡಿ ಪರೀಕ್ಷೆ ಮಾಡೋರು ನೀವೇ ಅಲ್ವಾ?" ಎಂದು ಮಾವ ಕೇಳಿದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮಾವನೇ ರಬ್ಬರ್ ಬೆಲ್ಟನ್ನು ಬಿಚ್ಚಿ, ಪಾತ್ರೆಯಲ್ಲಿ ನೀರು ಕುದಿಸಿ ಅದರಲ್ಲಿ ಹಾಕಿದರು. ತನ್ನ ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂದು ಹೆಂಡತಿ ಗಾಬರಿಯಿಂದ ಕಿವಿಯ ಹತ್ತಿ ಕಿತ್ತಳು. ಬಿಸಿಗೆ ಕುಗ್ಗಿ ಬಿಗಿಯಾದ ಬೆಲ್ಟು ಮತ್ತೆ ಪ್ಲೇಯರ್ ಏರಿತು. ಮಾವ ಎಣಿಸಿದರು: ಮೂವತ್ಮೂರು! ಮುಳ್ಳು ಇಳಿಯಿತು.

ಧ್ಯಾನದ ಆನೆ ಎದ್ದು ಕುದುರೆಯಾಗಿ ಓಡಿತು. ಪಾತಾಳದ ಗಂಡಸು ಬಾಯಿ ಬಿಟ್ಟರೆ, ಇಪ್ಪತ್ತು ವರ್ಷದ ಹುಡುಗಿ! ಇನ್‌ಸ್ಪೆಕ್ಟರು ಕವರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಉದ್ದಗೂದಲಿನ ನಾಲ್ವರಲ್ಲಿ ಒಬ್ಬಳು ಹುಡುಗಿಯೇ ಆಗಿದ್ದಳು. ಮಗಳೂ ಕಿವಿಯ ಉಂಡೆಗಳನ್ನು ಕಿತ್ತೆಸೆದು ಸೋಫಾ ಏರಿ ಕುಣಿದಳು. ಹಾಡು ಸರಿಯಾಗಿ ಹದಿನೆಂಟು ನಿಮಿಷಕ್ಕೆ ಮುಗಿಯಿತು. ಅಂತರಂಗದ ಕಾಲ ಒಂದು ಸೆಕೆಂಡೂ ಮಿಕ್ಕಲಿಲ್ಲ.

"ಎಷ್ಟು ಚೆನ್ನಾಗಿದೆ! ಇನ್ನೊಂದ್ಸಲ ಹಾಕಪ್ಪಾ," ಎಂದಳು ಹೆಂಡತಿ. ಮಾವ ಎದ್ದು ಬಂದು ಅಳಿಯನ ಕೈ ಹಿಡಿದುಕೊಂಡರು. "ಒಳ್ಳೆ ಸಾಮಾನು ಇಟ್ಟಿದ್ದೀರಿ. ನೋಡ್ಕೊಂಡಿದ್ದೇ ಸರಿಯಾಗಿಲ್ಲ."

ಅಲ್ಮೇರಾ ಉಳಿಯಿತು. ಮಂಚಕ್ಕೆ ಜಾಗ ಮಾಡಲು ಇನ್‌ಸ್ಪೆಕ್ಟರ ಆರಾಮಕುರ್ಚಿ ಬಾಲ್ಕನಿಗೆ ಹೋಯಿತು. ಕರೆಸಿದ ಗುಜರಿಯವನು ಬರಿಗೈಯಲ್ಲಿ ಹೋಗಬಾರದೆಂದು ವಾರ್ಷಿಕ ಸಂಚಿಕೆಯ ಕಟ್ಟನ್ನು ಅವನ ಗಾಡಿಗೆ ಹಾಕಿದರು. ಸಂಜೆ ಆ ಹಾಡು ಆರನೇ ಸಲ ಶುರುವಾದಾಗ, ಹನ್ನೊಂದು ವರ್ಷದ ದರ್ಶನ ಕಳೆದುಕೊಂಡ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ಇಣುಕಿ ಕೇಳಿದರು:

"ಲೇ, ಆ ಹತ್ತಿ ಡಬ್ಬಿ ಎಲ್ಲಿಟ್ಟಿದ್ದೀಯೇ?"

"ನಿಮಗ್ಯಾಕ್ರೀ ಹತ್ತಿ? ಹನ್ನೊಂದು ವರ್ಷ ಅದಿಲ್ದೇನೇ ನಿಮ್ಗೆ ಏನೂ ಕೇಳಿಸ್ತಿರ್ಲಿಲ್ವಲ್ಲ!"